ಫೋನಿನ ಗುಂಡಿಗಳೆಲ್ಲ ಎಲ್ಲಿ ಹೋದವು?

ಪ್ರಶ್ನೆ: ಕಪಾಟು ಖಾಲಿ ಮಾಡುವಾಗ ತಂದೆಯವರ ಹಳೆಯ ಮೊಬೈಲ್ ಸಿಕ್ಕಿತು. ಎಣಿಸಿದರೆ ಹದಿನೇಳು ಗುಂಡಿಗಳಿವೆ. ನನ್ನ ಈಗಿನ ಫೋನಿನಲ್ಲಿ ಇರುವುದು ಮೂರೇ ಮೂರು. ಅಷ್ಟೊಂದು ಗುಂಡಿಗಳು ಬಂದದ್ದೇಕೆ, ಹೋದದ್ದೇಕೆ? ಕಂಪನಿಗಳು ಖರ್ಚು ಉಳಿಸಲು ತೆಗೆದುಹಾಕಿದವೇ? ಉಳಿದ ಮೂರೂ ಹೋಗುತ್ತವೆಯೇ? ಇನ್ನೊಂದು ಸಣ್ಣ ವಿಷಯ: ಹಳೆಯ ಫೋನ್ ಇನ್ನೂ ಓಡುತ್ತಿದೆ. ಆದರೆ ‘8’ರ ಗುಂಡಿ ಮಾತ್ರ ಬಲವಾಗಿ ಒತ್ತಿದರಷ್ಟೇ ಕೇಳುತ್ತದೆ. ಸರಿಪಡಿಸಬಹುದೇ?

ಉತ್ತರ: ಖರ್ಚಿನ ಮಾತನ್ನು ಮೊದಲು ಮುಗಿಸಿಬಿಡೋಣ. ಹಳೆಯ ಫೋನಿನ ಕೀಪ್ಯಾಡ್ ಎಂದರೆ ಒಂದು ರಬ್ಬರ್ ಹಾಳೆ ಮತ್ತು ಅದರ ಕೆಳಗೆ ಚಿಕ್ಕ ಲೋಹದ ಬಿಲ್ಲೆಗಳು. ಅಗ್ಗದ ಸರಕು. ಅದರ ಜಾಗಕ್ಕೆ ಬಂದ ಸ್ಪರ್ಶಪರದೆ ಆ ಕಾಲದಲ್ಲಿ ಇಡೀ ಫೋನಿನಲ್ಲೇ ದುಬಾರಿಯಾದ ಭಾಗಗಳಲ್ಲೊಂದು. ಹಾಗಾಗಿ ದುಡ್ಡು ಉಳಿಸಲು ಗುಂಡಿ ತೆಗೆದರು ಎನ್ನುವುದು ನಿಲ್ಲುವ ಮಾತಲ್ಲ. ಕಾರಣ ಬೇರೆಯೇ ಇದೆ, ಮತ್ತು ಅದು ಐಫೋನ್ ಬರುವುದಕ್ಕೂ ಹತ್ತು ವರ್ಷ ಮೊದಲೇ ಗುಂಡಿಯೊಳಗೇ ಸೇರಿಕೊಂಡಿತ್ತು.

ನಿಮ್ಮ ಹದಿನೇಳರಲ್ಲಿ ಹನ್ನೆರಡು ಗುಂಡಿಗಳು ಮೊಬೈಲಿಗಿಂತ ಹಳೆಯವು. ಅಮೆರಿಕದ ಬೆಲ್ ಸಂಸ್ಥೆ 1963ರ ನವೆಂಬರಿನಲ್ಲಿ ತಿರುಗಿಸುವ ಡಯಲ್‌ಗೆ ಬದಲಾಗಿ ಒತ್ತುವ ಗುಂಡಿಗಳ ದೂರವಾಣಿಯನ್ನು ಜನರಿಗೆ ಕೊಟ್ಟಿತು. ಅದಕ್ಕೂ ಮುಂಚೆ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಕಾರ್ಲಿನ್ ಅವರ ತಂಡ ಅಂಕಿಗಳನ್ನು ಬಗೆಬಗೆಯಾಗಿ ಜೋಡಿಸಿ, ಜನರ ಕೈಗೆ ಕೊಟ್ಟು, ಯಾವುದರಲ್ಲಿ ಬೇಗ ಒತ್ತುತ್ತಾರೆ, ಎಲ್ಲಿ ತಪ್ಪುತ್ತಾರೆ ಎಂದು ಅಳೆದಿತ್ತು. ವೃತ್ತಾಕಾರದಲ್ಲಿ ಜೋಡಿಸಿದ್ದೂ ಆಯಿತು, ಐದೈದರ ಎರಡು ಸಾಲು ಮಾಡಿದ್ದೂ ಆಯಿತು. ಕೊನೆಗೆ ಉಳಿದದ್ದು ಮೂರು ಮೂರರ ಮೂರು ಸಾಲು, ಕೆಳಗೆ ಸೊನ್ನೆ. ನಕ್ಷತ್ರ ಮತ್ತು ಹ್ಯಾಶ್ 1968ರಲ್ಲಿ ಸೇರಿಕೊಂಡವು. ನಿಮ್ಮ ಈಗಿನ ಫೋನಿನ ಪರದೆಯ ಮೇಲೆ ಮೂಡುವ ಅಂಕಿಗಳೂ ಅದೇ ಕ್ರಮದಲ್ಲಿವೆ. ಅರವತ್ತು ವರ್ಷ ಕಳೆದರೂ ಆ ಕ್ರಮ ಉಳಿದುಕೊಂಡಿದೆ.

ಮೊಬೈಲ್ ತಾನಾಗಿ ಸೇರಿಸಿದ ಗುಂಡಿಗಳಲ್ಲಿ ಮುಖ್ಯವಾದವು ಹಸಿರು ಮತ್ತು ಕೆಂಪು. ತಂತಿ ಫೋನಿನಲ್ಲಿ ರಿಸೀವರ್ ಎತ್ತಿದರೆ ಕರೆ ಶುರು, ಇಟ್ಟರೆ ಮುಕ್ತಾಯ. ಮೊಬೈಲಿನಲ್ಲಿ ಎತ್ತುವುದಕ್ಕೂ ಇಡುವುದಕ್ಕೂ ಏನಿದೆ? ಆ ಎರಡು ಕ್ರಿಯೆಗಳೇ ಎರಡು ಬಣ್ಣದ ಗುಂಡಿಗಳಾದವು. ತಂತಿ ಫೋನಿನಲ್ಲಿ ಒತ್ತಿದ ಅಂಕಿ ಒತ್ತಿದ ಕ್ಷಣವೇ ಹೊರಟುಹೋಗುತ್ತಿತ್ತು. ಮೊಬೈಲಿನಲ್ಲಿ ಪೂರ್ತಿ ಸಂಖ್ಯೆ ಒತ್ತಿ, ನೋಡಿ, ತಪ್ಪಿದ್ದರೆ ಅಳಿಸಿ, ಆಮೇಲೆ ಕಳುಹಿಸಬಹುದು. ಹಾಗಾಗಿ ಅಳಿಸುವುದಕ್ಕೂ ಒಂದು ಗುಂಡಿ ಬೇಕಾಯಿತು. 1983ರಲ್ಲಿ ಅಮೆರಿಕದ ಸರ್ಕಾರದಿಂದ ಒಪ್ಪಿಗೆ ಪಡೆದ ಮೊಟೊರೊಲಾ ಡೈನಾಟ್ಯಾಕ್ ಇಟ್ಟಿಗೆಯಷ್ಟು ದಪ್ಪಗಿತ್ತು. ಅದರ ಮುಖದ ಬಹುಪಾಲನ್ನು ಗುಂಡಿಗಳೇ ಆಳುತ್ತಿದ್ದವು. ಪರದೆ ಎನ್ನುವುದು ಒಂದು ಚಿಕ್ಕ ಕಿಟಕಿ ಅಷ್ಟೇ. ಆ ಅನುಪಾತವನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಅದು ತಲೆಕೆಳಗಾಗುವ ಕಥೆ.

ಗುಂಡಿಯ ಒಳಗೇನಿದೆ ಎಂದು ಒಮ್ಮೆ ನೋಡಿದವರಿಗೆ ಅದರ ಮೇಲೆ ಗೌರವ ಬರುತ್ತದೆ. ನಾನು ಫೋನ್ ರಿಪೇರಿ ಕಲಿತದ್ದೇ ಕೀಪ್ಯಾಡ್ ಬಿಚ್ಚುವುದರಿಂದ. ರಬ್ಬರ್ ಹಾಳೆ ಎತ್ತಿದರೆ ಕೆಳಗೆ ಪಾರದರ್ಶಕ ಅಂಟುಹಾಳೆ, ಅದಕ್ಕೆ ಅಂಟಿಕೊಂಡ ಸ್ಟೀಲಿನ ಪುಟ್ಟ ಗುಮ್ಮಟಗಳು, ಪ್ರತಿ ಗುಮ್ಮಟದ ಕೆಳಗೆ ಬೋರ್ಡಿನ ಮೇಲೆ ಚಿನ್ನದ ಲೇಪವಿರುವ ಒಂದು ಚುಕ್ಕಿ, ಅದರ ಸುತ್ತ ಒಂದು ಉಂಗುರ. ಗುಮ್ಮಟದ ಅಂಚು ಸದಾ ಉಂಗುರದ ಮೇಲೆ ಕೂತಿರುತ್ತದೆ. ನೀವು ಒತ್ತಿದಾಗ ಅದು ಸ್ವಲ್ಪ ದೂರ ಹಟ ಹಿಡಿದು, ಒಂದು ಹಂತ ದಾಟಿದೊಡನೆ ‘ಟಿಕ್’ ಎಂದು ಕುಸಿದು, ನಡುವಿನ ಚುಕ್ಕಿಯನ್ನು ಮುಟ್ಟುತ್ತದೆ. ವಿದ್ಯುತ್ ಮಂಡಲ ಪೂರ್ಣವಾಯಿತು. ಬೆರಳು ತೆಗೆದರೆ ತಾನೇ ಎದ್ದು ನಿಲ್ಲುತ್ತದೆ. ಚಲನೆ ಒಂದು ಮಿಲಿಮೀಟರಿನ ಸಣ್ಣದೊಂದು ಪಾಲು. ಆದರೆ ಆ ಕುಸಿತವೇ ಬೆರಳಿಗೆ ಸಿಗುವ ರಸೀದಿ: ‘ನೀನು ಹೇಳಿದ್ದು ತಲುಪಿತು’ ಎಂದು. ಕಣ್ಣು, ಕಿವಿ ಎರಡನ್ನೂ ಕೇಳದೆ ಕೊಡುವ ರಸೀದಿ.

ಇನ್ನೊಂದು ಜಾಣತನವೂ ಅಲ್ಲಿದೆ. ಹನ್ನೆರಡು ಗುಂಡಿಗೆ ಹನ್ನೆರಡು ತಂತಿ ಬೇಕಿಲ್ಲ. ಮೂರು ಕಂಬ, ನಾಲ್ಕು ಸಾಲು ಎಂದು ಏಳು ದಾರಿ ಹಾಕಿ, ಒಂದೊಂದು ಸಾಲಿಗೆ ಸರದಿಯಂತೆ ಸಂಕೇತ ಕಳುಹಿಸಿ, ಅದು ಯಾವ ಕಂಬದಲ್ಲಿ ಹಿಂತಿರುಗಿತು ಎಂದು ನೋಡಿದರೆ ಯಾವ ಗುಂಡಿ ಒತ್ತಲ್ಪಟ್ಟಿದೆ ಎಂದು ತಿಳಿಯುತ್ತದೆ. ಗುಮ್ಮಟ ಕುಸಿಯುವಾಗ ಒಮ್ಮೆಗೇ ಸುಮ್ಮನೆ ಕೂರುವುದಿಲ್ಲ, ಕೆಲವು ಮಿಲಿಸೆಕೆಂಡು ಅದುರುತ್ತದೆ. ಅಷ್ಟು ಹೊತ್ತು ತಂತ್ರಾಂಶ ತಾಳ್ಮೆಯಿಂದ ಕಾಯುತ್ತದೆ. ಕಾಯದಿದ್ದರೆ ಒಂದು ಸಲ ಒತ್ತಿದ್ದು ಮೂರು ಸಲ ಬೀಳುತ್ತದೆ. ಹಾಗೆಯೇ ‘5’ರ ಮೇಲಿನ ಸಣ್ಣ ಉಬ್ಬನ್ನು ಗಮನಿಸಿದ್ದೀರಾ? ಹೆಬ್ಬೆರಳು ಅದನ್ನು ಕಂಡುಕೊಂಡರೆ ಉಳಿದ ಹನ್ನೊಂದರ ವಿಳಾಸವೂ ಸಿಕ್ಕಂತೆ.

ಅಂದರೆ ಗುಂಡಿಗೆ ಎರಡು ಕೆಲಸಗಳಿದ್ದವು. ಆಜ್ಞೆ ಸ್ವೀಕರಿಸುವುದು ಒಂದು. ತಾನೆಲ್ಲಿದ್ದೇನೆ, ತಾನ್ಯಾರು ಎಂದು ಬೆರಳಿಗೆ ತಿಳಿಸುವುದು ಇನ್ನೊಂದು. ಪರದೆ ಮೊದಲನೆಯದನ್ನು ವಹಿಸಿಕೊಂಡಿತು, ಎರಡನೆಯದನ್ನು ಕೈಬಿಟ್ಟಿತು. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಈ ಎರಡರ ನಡುವೆ ಇದೆ.

ಹನ್ನೆರಡು ಗುಂಡಿಗಳಿಗೆ ಮೊದಲ ಕಷ್ಟ ಬಂದದ್ದು ಸಂದೇಶಗಳಿಂದ. ಅಂಕಿ ಒತ್ತಲು ಹುಟ್ಟಿದ ಮಣೆಯ ಮೇಲೆ ಅಕ್ಷರ ಬರೆಯಬೇಕಾಯಿತು. ಒಂದೊಂದು ಗುಂಡಿಗೆ ಮೂರು ನಾಲ್ಕು ಅಕ್ಷರ; ಎರಡನೆಯದು ಬೇಕೆಂದರೆ ಎರಡು ಸಲ, ಮೂರನೆಯದಕ್ಕೆ ಮೂರು ಸಲ ಒತ್ತಬೇಕು. ‘ಹಲೋ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಹದಿಮೂರು ಸಲ ಒತ್ತಬೇಕಿತ್ತು. ಜೊತೆಗೆ ಎರಡು ‘ಎಲ್’ಗಳ ನಡುವೆ ಅರೆಗಳಿಗೆ ಕಾಯಬೇಕಿತ್ತು. ಸಿಯಾಟಲ್‌ನ ಟೆಜಿಕ್ ಸಂಸ್ಥೆ ತಂದ ಟಿ9 ತಂತ್ರ ಇದನ್ನು ಐದಕ್ಕೆ ಇಳಿಸಿತು: ಅಕ್ಷರಕ್ಕೆ ಒಂದೇ ಒತ್ತು, ಯಾವ ಪದವಿರಬಹುದು ಎಂದು ನಿಘಂಟು ನೋಡಿ ಫೋನೇ ಊಹಿಸುವುದು. 4663 ಎಂದು ಒತ್ತಿದರೆ ‘ಗುಡ್’, ‘ಹೋಮ್’, ‘ಗಾನ್’, ‘ಹುಡ್’ ನಾಲ್ಕೂ ಸರಿ. ಮನೆಗೆ ಬಂದೆ ಎನ್ನಲು ಹೋಗಿ ಒಳ್ಳೆಯದಕ್ಕೆ ಬಂದೆ ಎಂದವರು ಎಷ್ಟೋ ಜನ. ಇದು ಇಂಗ್ಲಿಷಿನ ಪಾಡು. ಕನ್ನಡದಂಥ ಲಿಪಿಗೆ, ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರಗಳನ್ನು ಹನ್ನೆರಡು ಗುಂಡಿಗೆ ಹಂಚುವುದೆಂದರೆ ಉಸಿರುಗಟ್ಟುವ ಕೆಲಸ. ಪ್ರತಿ ಲಿಪಿಗೂ ಗುಂಡಿಯ ಮೇಲೆ ಬೇರೆ ಅಚ್ಚು, ಪ್ರತಿ ಅಚ್ಚಿಗೂ ಬೇರೆ ದಾಸ್ತಾನು.

ಈಗ ಆ ಹತ್ತು ವರ್ಷ ಮೊದಲಿನ ಮಾತಿಗೆ ಬರುತ್ತೇನೆ. ನೋಕಿಯಾ 1997ರಲ್ಲಿ 3110 ಎಂಬ ಫೋನಿನಲ್ಲಿ ‘ನ್ಯಾವಿ-ಕೀ’ ಎಂಬುದನ್ನು ತಂದಿತು. ಪರದೆಯ ಕೆಳಗೆ ಒಂದು ಗುಂಡಿ. ಅದರ ಮೇಲೆ ಹೆಸರಿಲ್ಲ. ಹೆಸರು ಪರದೆಯ ಮೇಲೆ ಮೂಡುತ್ತದೆ, ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ: ಈಗ ‘ಮೆನು’, ಇನ್ನೊಂದು ಕ್ಷಣಕ್ಕೆ ‘ಆಯ್ಕೆ’, ಕರೆ ಬಂದಾಗ ‘ಉತ್ತರಿಸು’. ಬಳಸಲು ತುಂಬ ಸುಲಭವಾಗಿತ್ತು, ಮೂರು ವರ್ಷಗಳ ನಂತರದ 3310ರಲ್ಲೂ ಅದೇ ಇತ್ತು. ಆ ಫೋನ್ 12 ಕೋಟಿಗೂ ಹೆಚ್ಚು ಮಾರಾಟವಾಯಿತು. ಆದರೆ ಗುಂಡಿಯ ಅರ್ಥ ಗುಂಡಿಯನ್ನು ಬಿಟ್ಟು ಪರದೆಗೆ ವಲಸೆ ಹೋದದ್ದು ಅಂದೇ. ಅರ್ಥ ಪರದೆಯಲ್ಲಿದೆ, ಕಣ್ಣೂ ಅಲ್ಲೇ ಇದೆ ಎಂದಾದ ಮೇಲೆ ಬೆರಳನ್ನು ಮಾತ್ರ ಕೆಳಗೆ ಏಕೆ ಇಡಬೇಕು? ಮುಂದೊಂದು ದಿನ ಯಾರಾದರೂ ಈ ಪ್ರಶ್ನೆ ಕೇಳಲೇಬೇಕಿತ್ತು.

ಕೇಳುವ ಮೊದಲು ಗುಂಡಿಗಳು ಒಂದು ದೊಡ್ಡ ಜಾತ್ರೆಯನ್ನೇ ಮಾಡಿದವು. 2003ರ ಸುಮಾರಿಗೆ ಬಂದ ನೋಕಿಯಾ 3650ರಲ್ಲಿ ಅಂಕಿಗಳನ್ನು ಹಳೆಯ ಡಯಲ್‌ನಂತೆ ವೃತ್ತಾಕಾರದಲ್ಲಿ ಜೋಡಿಸಿದ್ದರು. ನಾಲ್ಕು ದಶಕಗಳ ಹಿಂದೆ ಬೆಲ್ ಪ್ರಯೋಗಾಲಯ ಬದಿಗಿಟ್ಟ ಅದೇ ವೃತ್ತ! ಜನ ತಡವರಿಸಿದರು, ಹಿಂದೆಯೇ ಬಂದ 3660ರಲ್ಲಿ ಗುಂಡಿಗಳು ತೆಪ್ಪಗೆ ಸಾಲಿಗೆ ಮರಳಿದವು. 2004ರ 7280ರಲ್ಲಿ ಅಂಕಿಯ ಗುಂಡಿಗಳೇ ಇರಲಿಲ್ಲ, ಒಂದು ಚಕ್ರ ತಿರುಗಿಸಿ ಸಂಖ್ಯೆ ಆರಿಸಬೇಕಿತ್ತು. ನೋಡಲು ಲಿಪ್‌ಸ್ಟಿಕ್‌ನಂತಿತ್ತು, ಬಳಸಲೂ ಅಷ್ಟೇ ಅನುಕೂಲ. ಅದೇ ವರ್ಷದ ಮೊಟೊರೊಲಾ ರೇಜರ್ ಗುಂಡಿಗಳ ಉಬ್ಬನ್ನೇ ಅಳಿಸಿ, ಒಂದೇ ಲೋಹದ ತಗಡಿನಲ್ಲಿ ಗೆರೆ ಕೊರೆದು ಕೀಪ್ಯಾಡ್ ಮಾಡಿತು. ಬ್ಲ್ಯಾಕ್‌ಬೆರಿ 1999ರಿಂದಲೇ ಕಂಪ್ಯೂಟರಿನ ಪೂರ್ತಿ ಕೀಲಿಮಣೆಯನ್ನು ಎರಡು ಹೆಬ್ಬೆರಳಿಗೆ ಹೊಂದಿಸಿ ಕೊಟ್ಟಿತ್ತು. ಅದರಲ್ಲಿ ಪಳಗಿದವರು ಮೇಜಿನ ಕೆಳಗೆ ಕೈಯಿಟ್ಟುಕೊಂಡು, ಎದುರಿನವರ ಮುಖ ನೋಡುತ್ತಲೇ ಇಡೀ ಪತ್ರ ಬರೆದು ಮುಗಿಸುತ್ತಿದ್ದರು. ಸೌಜನ್ಯದ ದೃಷ್ಟಿಯಿಂದ ಏನೇ ಹೇಳಿ, ಕೌಶಲವಂತೂ ಹೌದು.

ಜಾರುವ ಕೀಲಿಮಣೆಗಳ ಬಗ್ಗೆ ಮಾತ್ರ ನನಗೆ ಒಳ್ಳೆಯ ನೆನಪುಗಳಿಲ್ಲ. ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಸಂಪರ್ಕ ಒಂದು ತೆಳು ಬಾಗುವ ಪಟ್ಟಿ. ಪ್ರತಿ ಸಲ ಫೋನ್ ತೆರೆದಾಗಲೂ ಅದು ಒಂದೇ ಜಾಗದಲ್ಲಿ ಮಡಚಿಕೊಳ್ಳುತ್ತದೆ. ಒಂದು ದಿನ ಪರದೆ ಅರ್ಧ ತೆರೆದರೆ ಬೆಳಗುತ್ತದೆ, ಪೂರ್ತಿ ತೆರೆದರೆ ಆರುತ್ತದೆ. ಆ ಪಟ್ಟಿ ಬದಲಿಸುತ್ತ ಕಳೆದ ಸಂಜೆಗಳ ಲೆಕ್ಕ ಇಟ್ಟಿಲ್ಲ.

ಸ್ಪರ್ಶಪರದೆಯ ಫೋನ್ ಐಫೋನಿನಿಂದ ಶುರುವಾದದ್ದಲ್ಲ. ಐಬಿಎಂ ಸಂಸ್ಥೆಯ ಸೈಮನ್ 1994ರಲ್ಲೇ ಬಂದಿತ್ತು. ಬೆರಳಿನ ವಿದ್ಯುತ್ ಗುಣವನ್ನು ಗ್ರಹಿಸುವ ಕೆಪ್ಯಾಸಿಟಿವ್ ಪರದೆಯ ಎಲ್‌ಜಿ ಪ್ರಾಡಾ ಫೋನನ್ನು 2006ರ ಡಿಸೆಂಬರಿನಲ್ಲಿ ಘೋಷಿಸಲಾಗಿತ್ತು. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐಫೋನನ್ನು ಪರಿಚಯಿಸುತ್ತ ಆ್ಯಪಲ್‌ನ ಸ್ಟೀವ್ ಜಾಬ್ಸ್ ಮಾಡಿದ್ದು ಆ ಹಳೆಯ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದು. ಆಗಿನ ಸ್ಮಾರ್ಟ್‌ಫೋನ್‌ಗಳನ್ನು ಸಾಲಾಗಿ ತೋರಿಸಿ, ಅವುಗಳ ಕೆಳಗಿನ ಅರ್ಧಭಾಗ ಗುಂಡಿಗಳಿಗೆ ಒತ್ತೆ ಬಿದ್ದಿದೆ, ಬೇಕಿರಲಿ ಬೇಡದಿರಲಿ ಅವು ಅಲ್ಲೇ ಇರುತ್ತವೆ, ಫೋನ್ ಮಾರಾಟವಾದ ಮೇಲೆ ಹೊಸ ಗುಂಡಿ ಸೇರಿಸಲಾಗದು ಎಂಬುದು ಅವರ ವಾದದ ಸಾರ. ವಾದ ಗಟ್ಟಿಯಾಗಿತ್ತು, ಏಕೆಂದರೆ ಅಷ್ಟರಲ್ಲಿ ಫೋನು ಫೋನಾಗಿ ಉಳಿದಿರಲಿಲ್ಲ. ನಕ್ಷೆಗೆ ಒಂದು ಬಗೆಯ ಗುಂಡಿ ಬೇಕು, ಸಂಗೀತಕ್ಕೆ ಇನ್ನೊಂದು, ಆಟಕ್ಕೆ ಮತ್ತೊಂದು, ವಿಡಿಯೊಗೆ ಒಂದೂ ಬೇಡ. ಗುಂಡಿಯ ಅರ್ಥ ಕಾರ್ಖಾನೆಯಲ್ಲೇ ತೀರ್ಮಾನವಾಗುತ್ತದೆ. ಪರದೆಯ ಅರ್ಥ ಬಳಸುವ ಹೊತ್ತಿಗೆ ತೀರ್ಮಾನವಾಗುತ್ತದೆ. ನಾನು ಹೇಳಿದ ಲಿಪಿಗಳ ತೊಡಕೂ ಒಂದೇ ಏಟಿಗೆ ಬಗೆಹರಿಯಿತು. ಗಾಜಿನ ಮೇಲೆ ಯಾವ ಲಿಪಿಯನ್ನಾದರೂ ಬರೆಯಬಹುದು, ಅಚ್ಚು ಬದಲಿಸಬೇಕಿಲ್ಲ.

‘ನೀರು ನುಗ್ಗದಿರಲೆಂದು ಗುಂಡಿ ತೆಗೆದರು’ ಎಂಬ ವಿವರಣೆಯನ್ನು ನೀವು ಕೇಳಿರಬಹುದು. ಅದು ಅರ್ಧಸತ್ಯ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಒತ್ತುವ ಹೋಮ್ ಬಟನ್ ಇಟ್ಟುಕೊಂಡೇ ನೀರು ತಡೆಯುವ ಐಪಿ67 ದರ್ಜೆ ಪಡೆದಿತ್ತು. ರಂಧ್ರ ಕಡಿಮೆಯಾದರೆ ಕೆಲಸ ಸುಲಭ ಎನ್ನುವುದು ನಿಜ, ಆದರೆ ಗುಂಡಿಗೂ ನೀರಿಗೂ ಅಂಥ ಬದ್ಧದ್ವೇಷವೇನಿಲ್ಲ.

ಒಂದೇ ದಿನದಲ್ಲೇನೂ ಗುಂಡಿಗಳು ಹೋಗಲಿಲ್ಲ. ಆಂಡ್ರಾಯ್ಡ್‌ನ ಮೊದಲ ಫೋನ್, 2008ರ ಎಚ್‌ಟಿಸಿ ಡ್ರೀಮ್, ಸ್ಪರ್ಶಪರದೆಯ ಜೊತೆಗೆ ಜಾರುವ ಕೀಲಿಮಣೆ, ಉರುಳುವ ಚೆಂಡು, ಮುಂಭಾಗದಲ್ಲಿ ಐದು ಗುಂಡಿ ಎಲ್ಲವನ್ನೂ ಹೊತ್ತು ಬಂತು. ಯಾವುದಕ್ಕೂ ಇರಲಿ ಎಂದು ಮನೆಯ ಸಾಮಾನನ್ನೆಲ್ಲ ಕಟ್ಟಿಕೊಂಡು ಪ್ರಯಾಣ ಹೊರಟವರಂತೆ. ಬ್ಲ್ಯಾಕ್‌ಬೆರಿ ಅದೇ ವರ್ಷ ಸ್ಟಾರ್ಮ್ ಎಂಬ ಫೋನಿನಲ್ಲಿ ಇಡೀ ಪರದೆಯನ್ನೇ ಒಂದು ದೊಡ್ಡ ಗುಂಡಿ ಮಾಡಿತು: ಅಕ್ಷರ ಮುಟ್ಟಿ, ಗಾಜನ್ನು ಒಳಕ್ಕೆ ಒತ್ತಿ, ‘ಕ್ಲಿಕ್’ ಕೇಳಿ. ರಸೀದಿ ಸಿಕ್ಕಿತು, ವಿಳಾಸ ಸಿಗಲಿಲ್ಲ. ಬೆರಳಿಗೆ ಎಲ್ಲ ಅಕ್ಷರವೂ ಒಂದೇ ಗಾಜು. ಆಮೇಲೆ ಪರದೆಯ ಕೆಳಗೆ ಬೆಳಕಿನ ಚಿಹ್ನೆಗಳಾಗಿ ಮಾತ್ರ ಉಳಿದ ಸ್ಪರ್ಶದ ಗುಂಡಿಗಳ ಕಾಲ ಬಂತು. ನನ್ನ ಮಟ್ಟಿಗೆ ಅದು ಎರಡೂ ಕಡೆಯ ಕೆಟ್ಟದ್ದನ್ನು ಕೂಡಿಸಿದ ಕಾಲ: ಗುಂಡಿಯಂತೆ ಜಾಗ ತಿನ್ನುತ್ತಿದ್ದವು, ಗಾಜಿನಂತೆ ಸುಮ್ಮನಿರುತ್ತಿದ್ದವು, ಫೋನ್ ಅಡ್ಡ ಹಿಡಿದರೆ ಹೆಬ್ಬೆರಳು ತಗುಲಿ ಆಟದಿಂದ ಹೊರಗೆ ಎಸೆಯುತ್ತಿದ್ದವು.

ಕೊನೆಯವರೆಗೆ ಹೋರಾಡಿದ್ದು ಐಫೋನಿನ ಹೋಮ್ ಬಟನ್. ಅದು ಒಂದೇ ಭರವಸೆ ಕೊಡುತ್ತಿತ್ತು: ಎಲ್ಲೇ ದಾರಿ ತಪ್ಪಿರಿ, ಒತ್ತಿದರೆ ಮನೆ. ಹೊಸಬರಿಗೆ ಫೋನ್ ಕಲಿಸುವಾಗ ಇದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ. ವರ್ಷಗಳು ಕಳೆದಂತೆ ಅದರ ಮೇಲೆ ಹೊರೆ ಏರಿತು. ಎರಡು ಸಲ ಒತ್ತಿದರೆ ಒಂದು, ಹಿಡಿದುಕೊಂಡರೆ ಇನ್ನೊಂದು, 2013ರಲ್ಲಿ ಬೆರಳಚ್ಚು ಗುರುತಿಸುವ ಕೆಲಸವೂ ಬಂತು. 2016ರ ಐಫೋನ್ 7ರಲ್ಲಿ ಗುಂಡಿ ಕಾಣುತ್ತಿತ್ತು, ಆದರೆ ಅಲುಗಾಡುತ್ತಿರಲಿಲ್ಲ. ಒತ್ತಡವನ್ನು ಗ್ರಹಿಸಿ, ಒಳಗಿನ ಕಂಪನ ಯಂತ್ರ ಬೆರಳಿಗೆ ‘ಟಿಕ್’ ಎಂಬ ಭ್ರಮೆ ಹುಟ್ಟಿಸುತ್ತಿತ್ತು. ಬ್ಯಾಟರಿ ಖಾಲಿಯಾದ ಅಂಥದ್ದೊಂದನ್ನು ಮೊದಲ ಸಲ ಕೈಗೆ ತೆಗೆದುಕೊಂಡು ಒತ್ತಿದಾಗ ಗೋಡೆಗೆ ಬೆರಳು ಇಟ್ಟಂತಾಯಿತು. ಹಿಂದಿನ ಮಾದರಿಗಳಲ್ಲಿ ಫೋನ್ ಸ್ತಬ್ಧವಾದರೆ ಹೋಮ್ ಮತ್ತು ಪವರ್ ಗುಂಡಿಗಳನ್ನು ಒಟ್ಟಿಗೆ ಹಿಡಿದು ಮತ್ತೆ ಚಾಲೂ ಮಾಡುತ್ತಿದ್ದೆವು. ಈ ಮಾದರಿಯಲ್ಲಿ ಆ ಕೆಲಸ ಧ್ವನಿ ತಗ್ಗಿಸುವ ಗುಂಡಿಯ ಪಾಲಾಯಿತು. ತಂತ್ರಾಂಶ ಸತ್ತಾಗ ಅದರ ಆಸರೆಯಲ್ಲಿ ಬದುಕುವ ಗುಂಡಿಯೂ ಸಾಯುತ್ತದೆ, ಅಷ್ಟೇ. ಮರುವರ್ಷ ಐಫೋನ್ ಟೆನ್ ಬಂತು, ಗುಂಡಿಯ ನೆರಳೂ ಹೋಯಿತು. ಕೆಳಗಿನಿಂದ ಮೇಲಕ್ಕೆ ಬೆರಳು ಸವರಬೇಕು ಎಂದರು. ಪಾಮ್ ಪ್ರೀ 2009ರಲ್ಲಿ, ನೋಕಿಯಾ ಎನ್9 2011ರಲ್ಲಿ ಇಂಥ ಸವರಾಟವನ್ನು ಆಗಲೇ ಸೊಗಸಾಗಿ ತೋರಿಸಿದ್ದವು. ಆದರೆ ಅವುಗಳನ್ನು ಕೊಂಡವರು ಕಡಿಮೆ. ಗುಂಡಿ ಕಣ್ಣಿಗೆ ಬಿದ್ದು ‘ನನ್ನನ್ನು ಒತ್ತು’ ಎನ್ನುತ್ತದೆ. ಸವರುವುದನ್ನು ಯಾರಾದರೂ ಹೇಳಿಕೊಡಬೇಕು.

ನಷ್ಟ ಯಾರಿಗಾಯಿತು ಎಂದರೆ ಮೊದಲು ಹೇಳಬೇಕಾದದ್ದು ಕಣ್ಣು ಕಾಣದವರ ಬಗ್ಗೆ. ಉಬ್ಬಿಲ್ಲದ ಗಾಜು ಅವರಿಗೆ ಮುಚ್ಚಿದ ಬಾಗಿಲಾಗಿತ್ತು. ಐಫೋನಿಗೆ 2009ರಲ್ಲಿ ವಾಯ್ಸ್‌ಓವರ್ ಬಂದ ಮೇಲೆ ಬೆರಳಿನ ಕೆಳಗೆ ಏನಿದೆ ಎಂದು ಫೋನ್ ಓದಿ ಹೇಳತೊಡಗಿತು, ಎರಡು ಸಲ ತಟ್ಟಿದರೆ ಒತ್ತಿದಂತೆ. ಬಾಗಿಲು ತೆರೆಯಿತು, ಹಳೆಯ ಫೋನಿನಲ್ಲಿ ಇಲ್ಲದಿದ್ದ ಎಷ್ಟೋ ಕೋಣೆಗಳೂ ತೆರೆದವು. ಆದರೂ ಜೇಬಿನೊಳಗೆ ಕೈಯಿಟ್ಟು ಸಂಖ್ಯೆ ಒತ್ತುವ ಹಳೆಯ ಸಲೀಸು ಮರಳಲಿಲ್ಲ. ಒದ್ದೆ ಕೈ, ಕೈಗವಸು, ನಡುಗುವ ಬೆರಳು ಇವಕ್ಕೆಲ್ಲ ಗಾಜು ಈಗಲೂ ಮುನಿಸಿಕೊಳ್ಳುತ್ತದೆ.

ಉಳಿದ ಮೂರು ಹೋಗುತ್ತವೆಯೇ? ತೆಗೆಯಲು ಪ್ರಯತ್ನಿಸಿದವರ ಗತಿ ನೋಡಿ. 2018ರಲ್ಲಿ ಎಚ್‌ಟಿಸಿ ಯು12 ಪ್ಲಸ್‌ನಲ್ಲಿ ಅಲುಗದ ಗುಂಡಿಗಳನ್ನು ಇಟ್ಟು ಬೈಸಿಕೊಂಡಿತು. 2019ರ ಆರಂಭದಲ್ಲಿ ಮೈಝು ಸಂಸ್ಥೆ ಗುಂಡಿಯೂ ಇಲ್ಲದ, ರಂಧ್ರಗಳೂ ಇಲ್ಲದ ‘ಜೀರೊ’ ಎಂಬ ಫೋನಿಗೆ ಜನರಿಂದ ಮುಂಗಡ ಕೇಳಿತು, ಗುರಿ ಮುಟ್ಟಲಿಲ್ಲ. ಅದೇ ವರ್ಷ ಹುವಾವೆ ಮೇಟ್ 30 ಪ್ರೊ ಧ್ವನಿಯ ಗುಂಡಿಗಳನ್ನು ತೆಗೆದು, ಪರದೆಯ ಅಂಚಿಗೆ ಎರಡು ಸಲ ತಟ್ಟಿ ಎಂದಿತು. ಮರುವರ್ಷದ ಮೇಟ್ 40 ಪ್ರೊದಲ್ಲಿ ಗುಂಡಿಗಳು ಹಿಂತಿರುಗಿದ್ದವು. ಧ್ವನಿಯ ಗುಂಡಿ ಬೇಕಾಗುವುದೇ ಫೋನನ್ನು ನೋಡಲಾಗದ ಹೊತ್ತಿನಲ್ಲಿ, ಸಭೆಯ ನಡುವೆ ಜೇಬಿನೊಳಗಿಂದ ಅದು ಹಾಡತೊಡಗಿದಾಗ. ಪವರ್ ಗುಂಡಿಯದು ಇನ್ನೂ ಗಟ್ಟಿ ಜಾಗ. ಅದರ ತಂತಿ ವಿದ್ಯುತ್ ನಿರ್ವಹಿಸುವ ಚಿಪ್‌ಗೆ ನೇರವಾಗಿ ಹೋಗುತ್ತದೆ. ಉಳಿದೆಲ್ಲ ಹೆಪ್ಪುಗಟ್ಟಿ ನಿಂತರೂ ಆ ಚಿಪ್, ಗುಂಡಿಯನ್ನು ಎಷ್ಟು ಸೆಕೆಂಡು ಹಿಡಿದಿದ್ದೀರಿ ಎಂದು ಎಣಿಸುತ್ತಿರುತ್ತದೆ.

ಹೊಸ ಗುಂಡಿಗಳೂ ಹುಟ್ಟುತ್ತಿವೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಗುಂಡಿ ಕಿತ್ತ ಆ್ಯಪಲ್ ಸಂಸ್ಥೆಯೇ 2023ರಲ್ಲಿ ನಮಗೆ ಬೇಕಾದ ಕೆಲಸ ವಹಿಸಬಹುದಾದ ಆ್ಯಕ್ಷನ್ ಬಟನ್ ಕೊಟ್ಟಿತು, 2024ರಲ್ಲಿ ಕ್ಯಾಮೆರಾಕ್ಕೊಂದು ಗುಂಡಿ ಸೇರಿಸಿತು. ಅದೇ ವರ್ಷ ‘ಕ್ಲಿಕ್ಸ್’ ಎಂಬ ಕವಚ ಬಂತು. ಐಫೋನಿನ ಕೆಳಗೆ ಅಕ್ಷರಗಳ ಗುಂಡಿಗಳನ್ನು ಜೋಡಿಸುವುದೇ ಅದರ ಕೆಲಸ. ಹಾಗೆಂದು ಅಂಕಿಯ ಹನ್ನೆರಡು ಗುಂಡಿಗಳು ಸ್ಮಾರ್ಟ್‌ಫೋನಿಗೆ ಮರಳುತ್ತವೆ ಎಂದು ನಾನು ನಂಬುವುದಿಲ್ಲ. ಅವುಗಳ ಕೆಲಸವೇ ಈಗ ಅಪರೂಪ; ಸಂಖ್ಯೆ ಒತ್ತಿ ಕರೆ ಮಾಡಿ ಎಷ್ಟು ದಿನವಾಯಿತು ಹೇಳಿ. ನೋಡದೆ ಒತ್ತಬೇಕಾದದ್ದು, ಫೋನ್ ಕೈಕೊಟ್ಟಾಗ ಒತ್ತಬೇಕಾದದ್ದು, ಕ್ಷಣ ತಪ್ಪಿಹೋಗುವ ಮೊದಲು ಒತ್ತಬೇಕಾದದ್ದು ಉಳಿಯುತ್ತವೆ. ಕಾರುಗಳಲ್ಲೂ ಇದೇ ಚರ್ಚೆ ನಡೆದಿದೆ: ಯುರೋಪಿನ ವಾಹನ ಸುರಕ್ಷತಾ ಪರೀಕ್ಷೆಯಾದ ಯೂರೋ ಎನ್‌ಕ್ಯಾಪ್ 2026ರಿಂದ ಹಾರ್ನ್, ವೈಪರ್, ಇಂಡಿಕೇಟರ್‌ನಂಥವಕ್ಕೆ ಮುಟ್ಟಿ ತಿಳಿಯಬಹುದಾದ ನಿಯಂತ್ರಣಗಳನ್ನು ಇಟ್ಟವರಿಗೇ ಪೂರ್ಣ ಅಂಕ ಎಂದಿದೆ.

ಇನ್ನು ನಿಮ್ಮ ‘8’. ಮೇಲೆ ಹೇಳಿದ ಗುಮ್ಮಟದ ಕೆಳಗೆ ಧೂಳೋ ತೇವವೋ ಸೇರಿ ಚಿನ್ನದ ಲೇಪದ ಮೇಲೆ ತೆಳು ಪೊರೆ ಕಟ್ಟಿದೆ. ಬಲವಾಗಿ ಒತ್ತಿದಾಗ ಮಾತ್ರ ಅದನ್ನು ಒಡೆದು ಸಂಪರ್ಕವಾಗುತ್ತಿದೆ. ಮೊದಲು ಫೋನ್ ಆರಿಸಿ, ಬ್ಯಾಟರಿ ತೆಗೆಯಿರಿ. ಅದು ಉಬ್ಬಿದ್ದರೆ ಮತ್ತೆ ಹಾಕಬೇಡಿ. ಮುಂಭಾಗದ ಕವಚ ಮತ್ತು ರಬ್ಬರ್ ಹಾಳೆ ತೆಗೆದು, ಗುಮ್ಮಟಗಳ ಅಂಟುಹಾಳೆಯನ್ನು ಒಂದು ಮೂಲೆಯಿಂದ ‘8’ರವರೆಗೆ ಮಾತ್ರ ಮೆಲ್ಲಗೆ ಎತ್ತಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಬೋರ್ಡಿನ ಚುಕ್ಕಿಯನ್ನೂ ಉಂಗುರವನ್ನೂ, ಗುಮ್ಮಟದ ಒಳಮೈಯನ್ನೂ ಒರೆಸಿ. ಚಾಕು, ಉಪ್ಪುಕಾಗದ ತಾಗಿಸಬೇಡಿ, ಚಿನ್ನದ ಲೇಪ ಹೋದರೆ ಮತ್ತೆ ಬರುವುದಿಲ್ಲ. ಚೆನ್ನಾಗಿ ಒಣಗಿದ ಮೇಲೆ ಹಾಳೆಯನ್ನು ಮೊದಲಿನ ಜಾಗಕ್ಕೇ ಅಂಟಿಸಿ. ಒತ್ತಿದಾಗ ‘ಟಿಕ್’ ಎನ್ನದಿದ್ದರೆ ಗುಮ್ಮಟವೇ ಸೀಳಿದೆ ಎಂದರ್ಥ. ರಿಪೇರಿಯವರ ಬಳಿಯ ಹಳೆಯ ಬೋರ್ಡಿನಿಂದ ಒಂದನ್ನು ಕಿತ್ತು ಹಾಕಿಸಬಹುದು.

ಕವಚ ತೆಗೆದಾಗ 2, 4 ಮತ್ತು 6ರ ಅಚ್ಚನ್ನೂ ಒಮ್ಮೆ ನೋಡಿ. ಅವೂ ‘8’ರಷ್ಟೇ ಮಾಸಿ, 1, 3, 7, 9 ಹೊಸದರಂತೆ ಉಳಿದಿದ್ದರೆ, ನಿಮ್ಮ ತಂದೆಯವರು ಆ ಫೋನಿನಲ್ಲಿ ಮಾತಾಡಿದ್ದಕ್ಕಿಂತ ಹೆಚ್ಚು ಹಾವಿನ ಆಟ ಆಡಿದ್ದಾರೆ.